ಸುನೊಮೊನೊ ಎಲ್ಲಿ ಕೆಟ್ಟಿತು? ಜಪಾನಿ ಸೌತೆಕಾಯಿ ಸಲಾಡ್‌ನ ದೋಷ ನಿವಾರಣೆ

ಸೌತೆಕಾಯಿ, ಉಪ್ಪು, ವಿನೆಗರ್, ಸಕ್ಕರೆ, ತುಸು ಸೋಯಾ ಸಾಸ್, ಒಂದು ಚಿಟಿಕೆ ವಾಕಮೆ ಎಂಬ ಕಡಲಸೊಪ್ಪು. ಜಪಾನಿನ ಮನೆಗಳಲ್ಲಿ ಬೇಸಿಗೆಯುದ್ದಕ್ಕೂ ಮಾಡುವ ಸೌತೆಕಾಯಿ ಸುನೊಮೊನೊಗೆ ಬೇಕಾದ ಸಾಮಾನು ಇಷ್ಟೇ. ಒಲೆಯ ಕೆಲಸ ಇಲ್ಲವೇ ಇಲ್ಲ ಎನ್ನಬಹುದು. ಹಾಗಿದ್ದೂ ಮೊದಲ ಸಲ ಮಾಡಿದ ಅನೇಕರ ಬಟ್ಟಲಿನಲ್ಲಿ ಸಪ್ಪೆ ನೀರು, ಅದರಲ್ಲಿ ತೇಲುವ ಮೆತ್ತನೆಯ ಬಿಲ್ಲೆಗಳು, ಗಂಟಲಿಗೆ ಹತ್ತುವ ಹುಳಿ. ಸಾಮಾನು ಕಡಿಮೆ ಇರುವ ಅಡುಗೆಯಲ್ಲಿ ಒಂದು ತಪ್ಪನ್ನು ಮುಚ್ಚಲು ಇನ್ನೊಂದು ರುಚಿ ಇರುವುದಿಲ್ಲ. ಒಳ್ಳೆಯ ಸುದ್ದಿಯೆಂದರೆ, ಸಾಮಾನು ಕಡಿಮೆ ಇದ್ದಷ್ಟೂ ತಪ್ಪನ್ನು ಹುಡುಕುವುದು ಸುಲಭ. ನನ್ನ ಅನುಭವದಲ್ಲಿ ಈ ಸಲಾಡ್‌ನ ದೋಷಗಳಲ್ಲಿ ಹೆಚ್ಚಿನವು ಒಂದೇ ಕಡೆಯಿಂದ ಹುಟ್ಟುತ್ತವೆ: ಸೌತೆಕಾಯಿಯ ಒಳಗಿನ ನೀರು ಯಾವಾಗ ಹೊರಬಂತು, ಎಷ್ಟು ಹೊರಬಂತು, ಬಂದ ಮೇಲೆ ಎಲ್ಲಿ ಹೋಯಿತು ಎಂಬಲ್ಲಿಂದ.

ದೋಷ ಹುಡುಕುವ ಮೊದಲು ಹೋಲಿಸಿ ನೋಡಲು ಒಂದು ಸರಿಯಾದ ಅಳತೆ ಬೇಕು. ಇಬ್ಬರಿಂದ ಮೂವರಿಗೆ 200 ಗ್ರಾಂ ಎಳೆ ಸೌತೆಕಾಯಿ ತೆಗೆದುಕೊಳ್ಳಿ. ಅದನ್ನು 1ರಿಂದ 2 ಮಿ.ಮೀ. ದಪ್ಪದ ಬಿಲ್ಲೆಗಳಾಗಿ ಹೆಚ್ಚಿ, 3 ಗ್ರಾಂ ಪುಡಿ ಉಪ್ಪು ಹಾಕಿ, ಕೈಯಲ್ಲಿ ಹಗುರವಾಗಿ ಕಲಸಿ 10 ನಿಮಿಷ ಬಿಡಿ. ನಂತರ ಹಿಂಡಿ. ಇನ್ನೊಂದು ಬಟ್ಟಲಿನಲ್ಲಿ ಅಕ್ಕಿಯ ವಿನೆಗರ್ 2 ದೊಡ್ಡ ಚಮಚ, ಸಕ್ಕರೆ 1 ದೊಡ್ಡ ಚಮಚ, ಸೋಯಾ ಸಾಸ್ 1 ಚಿಕ್ಕ ಚಮಚ ಹಾಕಿ ಸಕ್ಕರೆ ಪೂರ್ತಿ ಕರಗುವವರೆಗೆ ಕಲಕಿ. ಒಣ ವಾಕಮೆ ಒಂದು ಚಿಟಿಕೆ, ಎಂದರೆ 2 ಗ್ರಾಂ, ನೀರಿನಲ್ಲಿ 5 ನಿಮಿಷ ನೆನೆಸಿ ಹಿಂಡಿ. ಎಲ್ಲವನ್ನೂ ಬೇರೆ ಬೇರೆಯಾಗಿಯೇ ಫ್ರಿಜ್ಜಿನಲ್ಲಿ ತಣ್ಣಗಾಗಿಸಿ, ಬಡಿಸುವ ಹೊತ್ತಿಗೆ ಬೆರೆಸಿ, ಮೇಲೆ ಹುರಿದ ಎಳ್ಳು ಉದುರಿಸಿ. ದೊಡ್ಡ ಚಮಚ ಎಂದರೆ 15 ಮಿ.ಲೀ., ಚಿಕ್ಕ ಚಮಚ ಎಂದರೆ 5 ಮಿ.ಲೀ. ಮನೆಯ ಚಮಚಗಳು ಒಂದೊಂದು ಒಂದೊಂದು ಗಾತ್ರದವು. ದೋಷ ಹುಡುಕುವಾಗಲಾದರೂ ಅಳತೆಯ ಚಮಚ ಬಳಸಿ.

ಮೊದಲ ಪರೀಕ್ಷೆ: ಮೂರು ಕಡೆ ರುಚಿ ನೋಡುವುದು

ಬೆರೆಸಿದ ಮೇಲೆ ರುಚಿ ನೋಡಿ "ಏನೋ ಸರಿ ಇಲ್ಲ" ಎಂದುಕೊಂಡು ಸಕ್ಕರೆಯನ್ನೋ ಉಪ್ಪನ್ನೋ ಸುರಿಯುವುದು ಎಲ್ಲರ ಕೈಗೂ ಬರುವ ಅಭ್ಯಾಸ. ಅದನ್ನು ನಿಲ್ಲಿಸಬೇಕು. ಹಿಂಡಿದ ಒಂದು ಬಿಲ್ಲೆಯನ್ನು ಹಾಗೆಯೇ ಬಾಯಿಗೆ ಹಾಕಿಕೊಳ್ಳಿ. ವಿನೆಗರ್ ಮಿಶ್ರಣದ ಒಂದು ಹನಿಯನ್ನು ನಾಲಿಗೆಗೆ ಮುಟ್ಟಿಸಿ. ಕೊನೆಗೆ ಎರಡೂ ಸೇರಿದ್ದನ್ನು ತಿಂದು ನೋಡಿ.

ಬಿಲ್ಲೆ ಒಂದನ್ನೇ ತಿಂದಾಗ ಅದರಲ್ಲಿ ಹಿತವಾದ ಉಪ್ಪು ಇರಬೇಕು; ಉಪ್ಪು ಹಚ್ಚಿ ತಿನ್ನುವ ಸೌತೆಕಾಯಿಯ ಹೋಳಿಗಿಂತ ಒಂದು ಕೂದಲೆಳೆ ಹೆಚ್ಚಿದ್ದರೂ ನಡೆದೀತು. ಬಾಗಿಸಿದರೆ ಮುರಿಯದೆ ಬಾಗಬೇಕು, ಕಚ್ಚಿದರೆ ಮಾತ್ರ ಕರುಮ್ ಎನ್ನಬೇಕು. ಮಿಶ್ರಣವೊಂದೇ ಆದರೆ ಬಾಯಿಗೆ ಸ್ವಲ್ಪ ಜೋರಾಗಿಯೇ ಇರುವುದು ಸರಿ, ಸೌತೆಕಾಯಿ ಅದನ್ನು ಇಳಿಸುತ್ತದೆ. ಬಿಲ್ಲೆ ಸರಿಯಿದ್ದು ಮಿಶ್ರಣ ಕೆಟ್ಟಿದ್ದರೆ ಹೊಸ ಮಿಶ್ರಣ ಮಾಡಲು ಎರಡು ನಿಮಿಷ ಸಾಕು. ಮಿಶ್ರಣ ಸರಿಯಿದ್ದು ಬಿಲ್ಲೆ ಕೆಟ್ಟಿದ್ದರೆ ಉಪ್ಪಿನ ಹಂತಕ್ಕೆ ಹಿಂದಿರುಗಬೇಕು. ಎರಡೂ ಚೆನ್ನಾಗಿದ್ದು ಬೆರೆಸಿದ ಮೇಲೆ ಕೆಟ್ಟಿತೆಂದರೆ ಅಪರಾಧಿ ನೀರು ಅಥವಾ ಸಮಯ. ಈ ಮೂರರಲ್ಲಿ ಯಾವುದು ಎಂದು ಗೊತ್ತಾಗುವವರೆಗೆ ಬಟ್ಟಲಿಗೆ ಏನನ್ನೂ ಸೇರಿಸಬೇಡಿ.

ಬಟ್ಟಲಿನ ತಳದಲ್ಲಿ ನೀರು ನಿಲ್ಲುತ್ತಿದೆ

ಇದೇ ಮುಖ್ಯ ದೂರು, ಇದಕ್ಕೇ ಹೆಚ್ಚು ಗಮನ ಬೇಕು.

ಸೌತೆಕಾಯಿಯ ತೂಕದಲ್ಲಿ ನೂರಕ್ಕೆ ಸುಮಾರು 95 ಭಾಗ ನೀರು. ಆ ನೀರು ಜೀವಕೋಶಗಳ ಒಳಗೆ ಬಿಗಿಯಾಗಿ ತುಂಬಿರುತ್ತದೆ. ಹೊರಗೆ ಉಪ್ಪಾಗಲಿ ಸಕ್ಕರೆಯಾಗಲಿ ಹೆಚ್ಚು ಇದ್ದರೆ ಒಳಗಿನ ನೀರು ಅತ್ತ ಹರಿಯುತ್ತದೆ. ಇದನ್ನು ತಡೆಯಲು ಆಗುವುದಿಲ್ಲ. ಆದರೆ ನೀರು ಎಲ್ಲಿ ಹೊರಬರಬೇಕು ಎಂಬುದನ್ನು ನಾವು ನಿರ್ಧರಿಸಬಹುದು. ಉಪ್ಪು ಹಚ್ಚಿದ ಪಾತ್ರೆಯಲ್ಲಿ ಬಂದರೆ ಚೆಲ್ಲುತ್ತೇವೆ. ಬಡಿಸಿದ ಬಟ್ಟಲಿನಲ್ಲಿ ಬಂದರೆ ತಿನ್ನುತ್ತೇವೆ.

ನಮ್ಮಲ್ಲಿ ಕೋಸಂಬರಿ ಮಾಡುವವರಿಗೆ ಇದು ಬೇರೆ ರೂಪದಲ್ಲಿ ಗೊತ್ತು. ಹೆಸರುಬೇಳೆ, ಸೌತೆಕಾಯಿ, ಕಾಯಿತುರಿ ಎಲ್ಲ ಸೇರಿಸಿಟ್ಟು ಉಪ್ಪನ್ನು ಮಾತ್ರ ಬಡಿಸುವ ಮುನ್ನ ಹಾಕುತ್ತಾರೆ. ನೀರು ಬಿಡುವ ಮೊದಲೇ ಎಲೆಗೆ ಬಡಿಸಿಬಿಡುವುದು ಅಲ್ಲಿನ ಉಪಾಯ. ಸುನೊಮೊನೊದ ಉಪಾಯ ಇದಕ್ಕೆ ಪೂರ್ತಿ ವಿರುದ್ಧ: ಉಪ್ಪನ್ನು ಎಲ್ಲಕ್ಕಿಂತ ಮೊದಲು ಹಾಕಿ, ಬಿಡುವ ನೀರನ್ನೆಲ್ಲ ಬಿಡಿಸಿ, ಹಿಂಡಿ ತೆಗೆದು, ಖಾಲಿಯಾದ ಬಿಲ್ಲೆಗೆ ಹುಳಿಸಿಹಿ ಕುಡಿಸುವುದು. ಕೋಸಂಬರಿಯ ಕೈ ಇರುವವರು ಗೊತ್ತಿಲ್ಲದೆಯೇ ಉಪ್ಪನ್ನು ಕೊನೆಗೆ ತಳ್ಳುತ್ತಾರೆ, ಅಥವಾ ಹಚ್ಚಿದರೂ ಹಿಂಡಲು ಅಂಜುತ್ತಾರೆ. ಎರಡು ಅಡುಗೆಗಳ ಪದ್ಧತಿಯೂ ತಮ್ಮ ತಮ್ಮ ಜಾಗದಲ್ಲಿ ಸರಿ. ಬೆರೆಸಿದಾಗ ಎರಡೂ ಕೆಡುತ್ತವೆ.

ನೀರು ಎಲ್ಲಿಂದ ಬಂತು ಎಂದು ತಿಳಿಯಲು ತಳದ ನೀರನ್ನೇ ಚಮಚದಲ್ಲಿ ತೆಗೆದು ರುಚಿ ನೋಡಿ. ಅದು ನೀವು ಮಾಡಿದ ಮಿಶ್ರಣದಷ್ಟೇ ಗಟ್ಟಿ ರುಚಿಯಿದ್ದರೆ ಸೌತೆಕಾಯಿ ನೀರು ಬಿಟ್ಟಿಲ್ಲ, ನೀವೇ ಮಿಶ್ರಣ ಹೆಚ್ಚು ಸುರಿದಿದ್ದೀರಿ. ಹಿಂಡಿದ ಸೌತೆಕಾಯಿ ಕಡಿಮೆಯಾಗಿ ಕಾಣುವುದರಿಂದ ಇದು ಸಹಜ; ಮುಂದಿನ ಸಲ ಮುಕ್ಕಾಲು ಭಾಗ ಮಾತ್ರ ಹಾಕಿ. ಹುಳಿ ಇಳಿದು ಉಪ್ಪು ಎದ್ದು ಕಂಡರೆ ಉಪ್ಪಿನ ನೀರನ್ನು ಸರಿಯಾಗಿ ಹಿಂಡಿಲ್ಲ. ಹುಳಿ, ಸಿಹಿ, ಉಪ್ಪು ಮೂರೂ ಇಳಿದು ಪೂರ್ತಿ ಸಪ್ಪೆಯಾಗಿದ್ದರೆ ಎರಡು ಸಾಧ್ಯತೆ: ಉಪ್ಪು ಸಾಲದೆ ಒಳಗೇ ಉಳಿದ ನೀರು ಈಗ ಬಂದಿದೆ, ಇಲ್ಲವೇ ತೊಳೆದ ನೀರು ಅಥವಾ ವಾಕಮೆಯ ನೀರು ಸೇರಿದೆ.

ಈ ಎರಡನ್ನು ಬೇರ್ಪಡಿಸಲು ಗಡಿಯಾರ ನೋಡಿ. ಬೆರೆಸಿದ ಕೂಡಲೇ ನೀರು ಕಂಡರೆ ಅದು ಹೊರಗಿನಿಂದ ಬಂದದ್ದು, ಎಂದರೆ ವಾಕಮೆ, ತೊಳೆದ ನೀರು, ಒದ್ದೆ ಪಾತ್ರೆ. ಹತ್ತು ಹದಿನೈದು ನಿಮಿಷದ ನಂತರ ನಿಧಾನವಾಗಿ ಏರಿದರೆ ಸೌತೆಕಾಯಿಯ ಒಳಗಿನದು. ಹಾಗಾದಾಗ ಉಪ್ಪು ಕಡಿಮೆಯಾಗಿದೆ, ಸಮಯ ಸಾಲದಾಗಿದೆ, ಅಥವಾ ಬಿಲ್ಲೆಗಳು ದಪ್ಪವಾಗಿವೆ. 4 ಮಿ.ಮೀ. ದಪ್ಪದ ಬಿಲ್ಲೆಗೆ ಹತ್ತು ನಿಮಿಷ ಉಪ್ಪು ಹಚ್ಚಿದರೆ ಹೊರಗಿನ ಪದರ ಮಾತ್ರ ನೀರು ಬಿಟ್ಟಿರುತ್ತದೆ, ನಡುವಿನ ಭಾಗ ಹಸಿಯಾಗಿಯೇ ಉಳಿಯುತ್ತದೆ. ಎರಡು ಮೂರು ಗಂಟೆಯ ಮೇಲೆ ತುಸು ನೀರು ಕಂಡರೆ ಅದು ದೋಷವಲ್ಲ; ಅಷ್ಟು ಹೊತ್ತು ಬೆರೆಸಿಡಬಾರದಿತ್ತು, ಅಷ್ಟೇ.

ಹಿಂಡುವ ರೀತಿಗೂ ಒಂದು ಮಾತು. ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿದರೆ ಬಿಲ್ಲೆಗಳು ಹರಿದು ಮುದ್ದೆಯಾಗುತ್ತವೆ. ಒಂದು ಹಿಡಿಯಷ್ಟು ತೆಗೆದುಕೊಂಡು ಎರಡು ಅಂಗೈಗಳ ನಡುವೆ ಇಟ್ಟು ನೇರವಾಗಿ ಒತ್ತಿ, ನೀರಿನ ಧಾರೆ ನಿಂತು ಹನಿ ಬೀಳತೊಡಗಿದಾಗ ಬಿಡಿ. ಪೂರ್ತಿ ಒಣಗಿಸಲು ಹೋದರೆ ಸೌತೆಕಾಯಿಯ ತಂಪು ವಾಸನೆಯೂ ಹೋಗಿಬಿಡುತ್ತದೆ. ಅಡುಗೆಮನೆಯಲ್ಲಿ ತೂಕದ ಯಂತ್ರವಿದ್ದರೆ ಹೆಚ್ಚಿದಾಗ ಒಮ್ಮೆ, ಹಿಂಡಿದ ಮೇಲೆ ಒಮ್ಮೆ ತೂಗಿ. ಚೆನ್ನಾಗಿ ಬಂದ ದಿನ ಎಷ್ಟು ತೂಕ ಇಳಿದಿತ್ತೆಂದು ಬರೆದಿಟ್ಟುಕೊಂಡರೆ ಮುಂದೆ ಊಹೆಯ ಅಗತ್ಯವೇ ಬೀಳುವುದಿಲ್ಲ.

ಜಪಾನಿನ ಅಡುಗೆಯವರು ಇದರ ಮೇಲೂ ಒಂದು ಹೆಜ್ಜೆ ಇಡುತ್ತಾರೆ. ಅದು ನನಗೆ ತುಂಬ ಮೆಚ್ಚುಗೆಯಾದದ್ದು. ಸು-ಅರಾಯಿ ಎಂದು ಅದಕ್ಕೆ ಹೆಸರು. ಹಿಂಡಿದ ಸೌತೆಕಾಯಿಯ ಮೇಲೆ ಮಿಶ್ರಣದಲ್ಲಿ ಒಂದು ಚಮಚ ಮಾತ್ರ ಹಾಕಿ, ಕೈಯಾಡಿಸಿ, ಮತ್ತೆ ಹಗುರವಾಗಿ ಹಿಂಡಿ ಆ ರಸವನ್ನು ಚೆಲ್ಲುವುದು. ಬಿಲ್ಲೆಗಳ ಮೇಲೆ ಅಂಟಿಕೊಂಡಿದ್ದ ಕೊನೆಯ ನೀರನ್ನು ಆ ಒಂದು ಚಮಚ ಎಳೆದುಕೊಂಡು ಹೋಗುತ್ತದೆ. ಆಮೇಲೆ ಹಾಕುವ ಮಿಶ್ರಣ ನೀವು ಕಲಸಿದ ರುಚಿಯಲ್ಲೇ ನಿಲ್ಲುತ್ತದೆ. ವಿನೆಗರ್ ಪೋಲಾಯಿತೆಂದು ಅನ್ನಿಸಬಹುದು. ಒಮ್ಮೆ ಮಾಡಿ, ಒಮ್ಮೆ ಬಿಟ್ಟು, ಎರಡನ್ನೂ ತಿಂದು ನೋಡಿದರೆ ಆ ಒಂದು ಚಮಚದ ಬೆಲೆ ತಿಳಿಯುತ್ತದೆ.

ಈಗಾಗಲೇ ನೀರಾದ ಬಟ್ಟಲು ಮುಂದಿದ್ದರೆ ಮಾಡಬೇಕಾದದ್ದು ಇಷ್ಟು: ಎಲ್ಲವನ್ನೂ ಜರಡಿಗೆ ಸುರಿದು ರಸ ಬಸಿಯಿರಿ, ಬಿಲ್ಲೆಗಳನ್ನು ಇನ್ನೊಮ್ಮೆ ಒತ್ತಿ, ಅರ್ಧ ಅಳತೆಯ ಹೊಸ ಮಿಶ್ರಣ ಹಾಕಿ. ನೀರಾದ ರಸಕ್ಕೆ ವಿನೆಗರ್ ಸೇರಿಸಿ ಸರಿಪಡಿಸಲು ಹೊರಟರೆ ಬಟ್ಟಲು ತುಂಬುತ್ತದೆ, ರುಚಿ ಮರಳುವುದಿಲ್ಲ.

ಉಪ್ಪು ಹೆಚ್ಚಾಗಿದೆ

ಮೂರು ಕಡೆ ರುಚಿ ನೋಡಿದ್ದರೆ ಇದರ ಮೂಲ ಆಗಲೇ ಸಿಕ್ಕಿರುತ್ತದೆ. ಬಿಲ್ಲೆಯಲ್ಲೇ ಉಪ್ಪಿದ್ದರೆ ತಣ್ಣೀರಿನಲ್ಲಿ ಒಂದು ಸಲ ಅದ್ದಿ ತೆಗೆದು ತಕ್ಷಣ ಹಿಂಡಿ. ನೆನೆಯಲು ಬಿಡಬೇಡಿ. ಉಪ್ಪಿನಿಂದ ಹೊರಹಾಕಿದ ನೀರನ್ನು ಸೌತೆಕಾಯಿ ಮತ್ತೆ ಕುಡಿಯುತ್ತದೆ, ನಿಮ್ಮ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಮಿಶ್ರಣದಲ್ಲಿ ಉಪ್ಪಿದ್ದರೆ ಸೋಯಾ ಸಾಸ್ ನೋಡಿ. ಜಪಾನಿನ ಸೋಯಾ ಸಾಸ್‌ಗಳಲ್ಲಿ ಉಸುಕುಚಿ ಎಂಬ ತಿಳಿಬಣ್ಣದ ಬಗೆಯಲ್ಲಿ ಸಾಮಾನ್ಯ ಗಾಢಬಣ್ಣದ ಬಗೆಗಿಂತ ಉಪ್ಪು ಹೆಚ್ಚು. ಬಣ್ಣ ತಿಳಿಯಾಗಿದೆಯೆಂದು ಧಾರಾಳವಾಗಿ ಹಾಕಿದವರು ಸಿಕ್ಕಿಬೀಳುವುದು ಇಲ್ಲೇ. ವಿನೆಗರ್, ಸೋಯಾ, ಮಿರಿನ್ ಎಂಬ ಸಿಹಿ ಅಕ್ಕಿಮದ್ಯ, ಈ ಮೂರನ್ನೂ ಸಮಸಮ ಬೆರೆಸುವ ಸಾನ್‌ಬಾಯಿಜುವಿನ ಹಳೆಯ ಅಳತೆಯನ್ನು ಓದಿ ಹಾಗೆಯೇ ಮಾಡಿದರೂ ಇದೇ ಫಲ. ಈಗ ಮನೆಗಳಲ್ಲಿ ಮಿರಿನ್ ಬದಲು ಸಕ್ಕರೆ ಹಾಕಿ, ಸೋಯಾವನ್ನು ಬಹಳ ಇಳಿಸಿ ಮಾಡುವುದೇ ಹೆಚ್ಚು.

ಕೆಲವು ಬಿಲ್ಲೆ ಉಪ್ಪು, ಕೆಲವು ಸಪ್ಪೆ ಎಂದಾದರೆ ಉಪ್ಪು ಸಮವಾಗಿ ಹರಡಿಲ್ಲ. ಹರಳುಪ್ಪು ಬಳಸಿದಾಗ ಹೀಗಾಗುತ್ತದೆ. ಚಮಚದ ಅಳತೆಯೂ ಹರಳುಪ್ಪಿಗೆ ಹೊಂದುವುದಿಲ್ಲ. ತೂಗಿ ಹಾಕಿ ಅಥವಾ ಕುಟ್ಟಿ ಪುಡಿ ಮಾಡಿ. ಇನ್ನೂ ಸುಲಭದ ದಾರಿ ಉಪ್ಪುನೀರು. ಜಪಾನಿನಲ್ಲಿ ಇದಕ್ಕೆ ತಾತೆಜಿಯೊ ಎನ್ನುತ್ತಾರೆ. 200 ಮಿ.ಲೀ. ನೀರಿಗೆ 6 ಗ್ರಾಂ ಉಪ್ಪು ಕರಗಿಸಿ, ಎಂದರೆ ಸುಮಾರು 3 ಶೇಕಡಾ, ಬಿಲ್ಲೆಗಳನ್ನು ಅದರಲ್ಲಿ ಮುಳುಗಿಸಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಎಲ್ಲ ಬಿಲ್ಲೆಗಳೂ ಒಂದೇ ಸಮ ಮೆತ್ತಗಾಗುತ್ತವೆ, ಕೈಯಿಂದ ಉಜ್ಜಿ ಹರಿಯುವ ಭಯವೂ ಇಲ್ಲ. ಎರಡೂ ಕಡೆಯಿಂದ ಓರೆಯಾಗಿ ಸೀಳು ಹಾಕಿ ಸುರುಳಿಯಂತೆ ಎಳೆಯುವ ಜಾಬರಾ ಹೆಚ್ಚಿಕೆಗೆ ಇದೇ ವಿಧಾನ ತಕ್ಕುದು; ಅಲ್ಲಿ ಪುಡಿ ಉಪ್ಪು ಸೀಳುಗಳ ಒಳಗೆ ಸರಿಯಾಗಿ ಇಳಿಯುವುದಿಲ್ಲ.

ಕಚ್ಚಿದರೆ ಸದ್ದೇ ಇಲ್ಲ

ಉಪ್ಪು ಹಾಕಿದರೆ ಸೌತೆಕಾಯಿ ಮೆತ್ತಗಾಗುತ್ತದೆ, ಹಾಗಾಗಿ ಕರುಮ್ ಎನ್ನುವ ಸಲಾಡ್‌ಗೆ ಉಪ್ಪು ಹಚ್ಚಬಾರದು ಎಂಬ ನಂಬಿಕೆ ಹಲವರಲ್ಲಿದೆ. ಇದು ಅರ್ಧ ಮಾತ್ರ ನಿಜ. ನೀರು ತುಂಬಿದ ಹಸಿ ಸೌತೆಕಾಯಿ ಒಡೆದು ಸದ್ದು ಮಾಡುತ್ತದೆ. ಉಪ್ಪು ಹಚ್ಚಿ ಹಿಂಡಿದ ಸೌತೆಕಾಯಿಯಲ್ಲಿ ಕೋಶಗಳ ಗೋಡೆಗಳು ಒಂದರ ಮೇಲೊಂದು ಒತ್ತಿಕೊಂಡು ಬೇರೆ ಬಗೆಯ ಬಿಗಿ ಬರುತ್ತದೆ, ಹಲ್ಲಿಗೆ ತುಸು ಎಳೆತ ಕೊಟ್ಟು ಆಮೇಲೆ ತುಂಡಾಗುತ್ತದೆ. ಆ ಎರಡನೆಯ ಸದ್ದು ಬೇಕಿದ್ದರೆ ಪೂರ್ತಿ ಹಿಂಡಲೇಬೇಕು. ಅರೆಬರೆ ಹಿಂಡಿದ್ದರಲ್ಲಿ ಎರಡು ಸದ್ದೂ ಇರುವುದಿಲ್ಲ. ಮೆತ್ತಗಾಯಿತೆಂದು ದೂರುವವರ ಬಟ್ಟಲಿನಲ್ಲಿ ಬಹಳ ಸಲ ಕಾಣುವುದು ಕಡಿಮೆ ಉಪ್ಪು, ಕಡಿಮೆ ಒತ್ತಡ. ಹೆಚ್ಚಾದ ಉಪ್ಪು ಅಲ್ಲ.

ಹಾಗಲ್ಲದಿದ್ದರೆ ಕಾಯಿಯನ್ನೇ ಅನುಮಾನಿಸಿ. ಜಪಾನಿನ ಸೌತೆಕಾಯಿ ಸುಮಾರು 20 ಸೆಂ.ಮೀ. ಉದ್ದ, 100 ಗ್ರಾಂ ತೂಕ, ತೆಳುಸಿಪ್ಪೆ, ಕಡುಹಸಿರು, ಬೀಜ ಬಲಿಯುವ ಮೊದಲೇ ಕೊಯ್ದದ್ದು. ನಮ್ಮ ಸಂತೆಯಲ್ಲಿ ಸಿಗುವುದರಲ್ಲಿ ಬೆರಳಿನಿಂದ ಒತ್ತಿದರೆ ತಗ್ಗದ, ಎರಡು ಬೆರಳು ದಪ್ಪದ ಎಳೆಕಾಯಿ ಇದಕ್ಕೆ ಹತ್ತಿರ. ಪ್ಲಾಸ್ಟಿಕ್ ಸುತ್ತಿ ಮಾರುವ ಉದ್ದನೆಯ ಇಂಗ್ಲಿಷ್ ಸೌತೆಕಾಯಿಯೂ ಆಗುತ್ತದೆ, ಆದರೆ ಅದರಲ್ಲಿ ನೀರು ಹೆಚ್ಚು ಬರುವುದರಿಂದ ಉಪ್ಪಿನ ಸಮಯ ಐದು ನಿಮಿಷ ಹೆಚ್ಚಿಸಿ. ಮಲೆನಾಡಿನ, ಕರಾವಳಿಯ ಮುಳ್ಳುಸೌತೆ ಎಳೆಯದಾಗಿದ್ದರೆ ಬಹಳ ಚೆನ್ನಾಗಿ ಬರುತ್ತದೆ. ಬಲಿತದ್ದಾದರೆ ಉದ್ದಕ್ಕೆ ಸೀಳಿ ಚಮಚದಿಂದ ಬೀಜದ ತಿರುಳು ಕೆರೆದು ತೆಗೆದು ಹೆಚ್ಚಿ. ಆ ಲೋಳೆ ಬಿಟ್ಟರೆ ಎಷ್ಟು ಹಿಂಡಿದರೂ ಬಟ್ಟಲು ಅಂಟಂಟಾಗುತ್ತದೆ. ಹುಳಿ, ಸಾಂಬಾರಿಗೆ ಬಳಸುವ ಮಂಗಳೂರು ಸೌತೆ ಇಲ್ಲಿ ಬೇಡ.

ಸೌತೆಯ ಕಾಡುಮೂಲ ಹಿಮಾಲಯದ ತಪ್ಪಲಿನದು, ಈ ನೆಲದ ಬಳ್ಳಿ ಅದು. ಬೆಚ್ಚನೆಯ ಗಾಳಿಗೆ ಒಗ್ಗಿದ ಕಾಯಿಯನ್ನು 10 ಡಿಗ್ರಿಗಿಂತ ಕಡಿಮೆ ತಂಪಿನಲ್ಲಿ ದಿನಗಟ್ಟಲೆ ಇಟ್ಟರೆ ಸಿಪ್ಪೆಯ ಮೇಲೆ ಸಣ್ಣ ಗುಳಿಗಳು ಬಿದ್ದು, ಒಳಗೆ ನೀರು ಕುಡಿದಂತೆ ಗಾಜುಬಣ್ಣದ ಮಚ್ಚೆಗಳಾಗುತ್ತವೆ. ಅಂಥ ಕಾಯಿಗೆ ಉಪ್ಪು ಹಚ್ಚಿದರೆ ಲೊಳಕ್ಕೆಂದು ಕುಸಿಯುತ್ತದೆ. ಫ್ರಿಜ್ಜಿನ ಹಿಂಭಾಗದ ತಣ್ಣನೆಯ ಗೋಡೆಗೆ ತಾಗಿದ ಕಾಯಿಯಲ್ಲಿ ಇದು ಸಾಮಾನ್ಯ. ಕಾಯಿಯನ್ನು ಕಾಗದದಲ್ಲಿ ಸುತ್ತಿ ತರಕಾರಿ ಡ್ರಾಯರ್‌ನಲ್ಲಿಡಿ, ಎರಡು ಮೂರು ದಿನದಲ್ಲಿ ಬಳಸಿ. ತಂಪಾಗಿಸುವ ಕೆಲಸ ಹಿಂಡಿದ ಮೇಲೆ, ಬಡಿಸುವ ಮುನ್ನ.

ಮೊಂಡು ಚಾಕು ಕೋಶಗಳನ್ನು ಜಜ್ಜುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ. ಈಳಿಗೆಮಣೆಯ ಕೈ ಪಳಗಿದವರು ಅದರಲ್ಲೇ ಹೆಚ್ಚಬಹುದು. ಆಲೂಗಡ್ಡೆ ಚಿಪ್ಸ್ ಹೆರೆಯುವ ಸ್ಲೈಸರ್ ಇದ್ದರೆ ದಪ್ಪ ಒಂದೇ ಸಮ ಬರುತ್ತದೆ.

ಕಹಿ

ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ವಸ್ತು. ಸೌತೆ, ಸೋರೆ, ಹೀರೆ, ಕುಂಬಳ ಇಡೀ ಕುಟುಂಬದಲ್ಲಿ ಇದು ಇದೆ. ಬಳ್ಳಿಗೆ ನೀರು ಕಡಿಮೆಯಾಗಿ ಬಿಸಿಲು ಹೆಚ್ಚಾದಾಗ ಕಾಯಿಯಲ್ಲಿ ಏರುತ್ತದೆ, ತೊಟ್ಟಿನ ತುದಿಯಲ್ಲೂ ಸಿಪ್ಪೆಯ ಕೆಳಗೂ ಹೆಚ್ಚು ಸೇರಿರುತ್ತದೆ. ತುದಿ ಕತ್ತರಿಸಿ ಅದೇ ತುಂಡಿನಿಂದ ಉಜ್ಜಿ ಬಿಳಿ ನೊರೆ ಬರಿಸುವ ಪದ್ಧತಿ ನಮ್ಮ ಮನೆಗಳಲ್ಲಿದೆ, ಜಪಾನಿನ ಮನೆಗಳಲ್ಲೂ ಇದೆ. ಉಜ್ಜುವುದು ಬಿಡುವುದು ನಿಮ್ಮ ಇಷ್ಟ. ತೊಟ್ಟಿನ ಕಡೆಯಿಂದ ಎರಡು ಸೆಂ.ಮೀ. ಕತ್ತರಿಸಿ ಎಸೆಯುವುದನ್ನು ಮಾತ್ರ ಬಿಡಬೇಡಿ. ಹೆಚ್ಚುವ ಮೊದಲು ಎರಡೂ ತುದಿಯಿಂದ ಒಂದೊಂದು ಚೂರು ತಿಂದು ನೋಡಿ. ತೊಟ್ಟಿನ ತುದಿ ಮಾತ್ರ ಕಹಿಯಾಗಿದ್ದರೆ ಇನ್ನಷ್ಟು ಕತ್ತರಿಸಿ, ಸಿಪ್ಪೆ ಹೆರೆದು ಬಳಸಬಹುದು.

ನಡುವಿನ ತಿರುಳೂ ತೀವ್ರವಾಗಿ ಕಹಿಯಿದ್ದರೆ ಆ ಕಾಯಿಯನ್ನು ಎಸೆಯಿರಿ. ಸಕ್ಕರೆ ಹೆಚ್ಚಿಸಿ ಮುಚ್ಚಬೇಡಿ, ಉಪ್ಪು ಹಚ್ಚಿದರೆ ಹೋದೀತು ಎಂದು ಕಾಯಬೇಡಿ. ಕುಕುರ್ಬಿಟಾಸಿನ್ ಬೇಯಿಸಿದರೂ ನಾಶವಾಗುವುದಿಲ್ಲ. ಹೆಚ್ಚು ಹೊಟ್ಟೆಗೆ ಹೋದರೆ ವಾಂತಿ, ಭೇದಿ, ಹೊಟ್ಟೆನೋವು ತರುತ್ತದೆ. ಒಂದು ಸೌತೆಕಾಯಿಗಾಗಿ ಆ ಅಪಾಯ ಬೇಡವೇ ಬೇಡ.

ಹುಳಿ ಗಂಟಲಿಗೆ ಹತ್ತುತ್ತಿದೆ

ಮಿಶ್ರಣವನ್ನು ಮೂಗಿನ ಬಳಿ ಹಿಡಿದಾಗಲೇ ಕೆಮ್ಮು ಬಂದರೆ ಬಾಟಲಿಯ ಹಿಂಬದಿ ಓದಿ. ನಮ್ಮ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಬಿಳಿ ವಿನೆಗರ್ ಹಲವು ಸಲ ಸಿಂಥೆಟಿಕ್, ಅಸೆಟಿಕ್ ಆಮ್ಲಕ್ಕೆ ನೀರು ಬೆರೆಸಿದ್ದು. ಲೇಬಲ್ಲಿನ ಮೇಲೆ ಹಾಗೆಂದೇ ಬರೆದಿರುತ್ತದೆ. ಜಪಾನಿನ ಅಕ್ಕಿಯ ವಿನೆಗರ್‌ನ ಆಮ್ಲಾಂಶವೂ 4ರಿಂದ 4.5 ಶೇಕಡಾದ ಆಸುಪಾಸಿನದೇ. ಸಂಖ್ಯೆಯಲ್ಲಿ ದೊಡ್ಡ ಅಂತರವಿಲ್ಲ. ಆದರೆ ಅಕ್ಕಿ ಹುದುಗಿ ಆದದ್ದರಲ್ಲಿ ಆಮ್ಲದ ಜೊತೆ ಅಮೈನೊ ಆಮ್ಲಗಳೂ ಅಕ್ಕಿಯ ಸಿಹಿಯ ನೆರಳೂ ಇರುತ್ತವೆ, ಅವು ಹುಳಿಯನ್ನು ದುಂಡಗಾಗಿಸುತ್ತವೆ. ಸಿಂಥೆಟಿಕ್‌ನಲ್ಲಿ ಹುಳಿಯೊಂದೇ ಒಂಟಿಯಾಗಿ ನಿಂತಿರುತ್ತದೆ. ಈ ಅಡುಗೆಯಲ್ಲಿ ಹಣ ಖರ್ಚು ಮಾಡಬೇಕಾದ ಒಂದೇ ಜಾಗ ವಿನೆಗರ್ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಕ್ಕಿಯ ವಿನೆಗರ್ ಕೊಂಡ ಮೇಲೂ ಸಿಹಿ, ಉಪ್ಪು ಎರಡೂ ಅತಿಯಾದರೆ ನೀವು ತಂದದ್ದು ಸುಶಿ ಅನ್ನಕ್ಕೆಂದು ಮೊದಲೇ ಸಕ್ಕರೆ ಉಪ್ಪು ಬೆರೆಸಿದ ಬಗೆ. ಅದಕ್ಕೆ ಬೇರೆ ಸಕ್ಕರೆ ಹಾಕದೆ ಸೋಯಾ ನಾಲ್ಕು ಹನಿ ಮಾತ್ರ ಸೇರಿಸಿ.

ಸರಿಯಾದ ವಿನೆಗರ್ ಇದ್ದೂ ಹುಳಿ ಚೂಪಾಗಿದ್ದರೆ ಎರಡು ದಾರಿ ಇದೆ. ಮಿಶ್ರಣವನ್ನು ಸಣ್ಣ ಉರಿಯಲ್ಲಿ ಒಂದು ಕುದಿ ಬರುವವರೆಗೆ ಕಾಯಿಸಿ ಆರಿಸಿದರೆ ಘಾಟು ಇಳಿಯುತ್ತದೆ, ಸಕ್ಕರೆಯೂ ಕರಗುತ್ತದೆ. ಮಿರಿನ್ ಬಳಸಿದ್ದರೆ ಕುದಿಸುವುದು ಕಡ್ಡಾಯವೆಂದೇ ತಿಳಿಯಿರಿ, ಅದರಲ್ಲಿ ಸುಮಾರು 14 ಶೇಕಡಾ ಮದ್ಯಸಾರವಿದೆ, ಹಸಿಯಾಗಿ ಹಾಕಿದರೆ ಆ ವಾಸನೆ ಉಳಿಯುತ್ತದೆ. ಇನ್ನೊಂದು ದಾರಿ ದಾಶಿ, ಎಂದರೆ ತಿಳಿಸಾರು, ಬೆರೆಸುವುದು. ತೋಸಾಜು ಎಂಬ ಹೆಸರಾಂತ ಮಿಶ್ರಣ ಹುಟ್ಟಿದ್ದು ಹೀಗೆ: ಒಣಗಿಸಿದ ಬೊನಿಟೊ ಮೀನಿನ ಸಾರು ಅದರ ಜೀವ, ಆ ಮೀನಿಗೆ ಹೆಸರಾದ ತೋಸಾ, ಈಗಿನ ಕೋಚಿ ಪ್ರಾಂತ್ಯದಿಂದ ಅದಕ್ಕೆ ಆ ಹೆಸರು. ಸಸ್ಯಾಹಾರಿಗಳು ಕೊಂಬು ಎಂಬ ದಪ್ಪ ಕಡಲಸೊಪ್ಪಿನ ಬೆರಳುದ್ದದ ತುಂಡನ್ನು ಒಂದು ಲೋಟ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿದರೆ ಸಾಕು. ವಿನೆಗರ್ ಎರಡು ಭಾಗಕ್ಕೆ ಈ ನೀರು ಒಂದು ಭಾಗ. ಹುಳಿ ಸತ್ತುಹೋಗದೆ ಹಿಂದೆ ಸರಿಯುತ್ತದೆ.

ವಿನೆಗರ್ ಬದಲು ನಿಂಬೆರಸ ಹಾಕಬಹುದೇ? ತೊಕುಶಿಮಾದವರು ಸುದಾಚಿ, ಓಯಿತಾದವರು ಕಾಬೊಸು ಎಂಬ ತಮ್ಮ ಊರಿನ ಹುಳಿಹಣ್ಣುಗಳನ್ನು ಇಂಥ ಅಡುಗೆಗಳಿಗೆ ಹಿಂಡುತ್ತಾರೆ, ಆದ್ದರಿಂದ ಅಪಚಾರವೇನಿಲ್ಲ. ಅರ್ಧ ವಿನೆಗರ್, ಅರ್ಧ ನಿಂಬೆ ಚೆನ್ನಾಗಿರುತ್ತದೆ. ಪೂರ್ತಿ ನಿಂಬೆಯಾದರೆ ರುಚಿ ಕೋಸಂಬರಿಯ ಕಡೆಗೆ ವಾಲುತ್ತದೆ.

ಹಸಿರು ಮಾಸಿದೆ, ಬಟ್ಟಲು ಕಪ್ಪಾಗಿದೆ

ಹಸಿರು ಹೋಗಿ ಹಳದಿ ಬೆರೆತ ಕಂದು ಬಂದಿದ್ದರೆ ಅದು ಆಮ್ಲದ ಕೆಲಸ. ಎಲೆಹಸಿರಿನ ನಡುವೆ ಇರುವ ಮೆಗ್ನೀಸಿಯಂ ಅನ್ನು ಹುಳಿ ಕಿತ್ತುಹಾಕುತ್ತದೆ, ಬಣ್ಣ ಮಾಸುತ್ತದೆ. ತಿನ್ನಲು ತೊಂದರೆಯಿಲ್ಲ, ನೋಡಲು ಚೆಂದವಿಲ್ಲ. ಬಡಿಸುವ ಹೊತ್ತಿಗೆ ಬೆರೆಸುವುದೇ ಇದಕ್ಕೆ ನಿಜವಾದ ಪರಿಹಾರ. ಬಣ್ಣ ಇನ್ನೂ ಎದ್ದು ಕಾಣಬೇಕಿದ್ದರೆ ಹೆಚ್ಚುವ ಮೊದಲು ಇಡೀ ಕಾಯಿಗೆ ಉಪ್ಪು ಸವರಿ, ಮಣೆಯ ಮೇಲೆ ಅಂಗೈಯಿಂದ ಹಿಂದೆ ಮುಂದೆ ಉರುಳಿಸಿ ತೊಳೆಯಿರಿ. ಇದು ಇತಾಜುರಿ. ಸಿಪ್ಪೆಯ ಸಣ್ಣ ಮುಳ್ಳು ಗುಳ್ಳೆಗಳು ಉದುರಿ ಹಸಿರು ಹೊಳೆಯುತ್ತದೆ.

ಬಟ್ಟಲಿಗೇ ಕಪ್ಪು ಬಂದಿದ್ದರೆ ನೂಡಲ್ಸ್‌ಗೆ ಹಾಕುವ ಡಾರ್ಕ್ ಸೋಯಾ ಬಳಸಿದ್ದೀರಿ. ಅದರಲ್ಲಿ ಕ್ಯಾರಮೆಲ್ ಬಣ್ಣ ಸೇರಿರುತ್ತದೆ. ಜಪಾನಿ ಬಗೆಯ ಸೋಯಾ ಸಿಗದಿದ್ದರೆ ಸೋಯಾವನ್ನು ಪೂರ್ತಿ ಬಿಟ್ಟು ವಿನೆಗರ್, ಸಕ್ಕರೆ, ಚಿಟಿಕೆ ಉಪ್ಪು ಮಾತ್ರ ಹಾಕಿ. ಅದೂ ಅಮಾಜು ಎಂಬ ಹೆಸರಿರುವ ಒಪ್ಪಿತ ಪದ್ಧತಿಯೇ, ಬೆಳ್ಳಗೆ ತಿಳಿಯಾಗಿ ಕಾಣುತ್ತದೆ.

ವಾಕಮೆಯ ತಕರಾರುಗಳು

ಕತ್ತರಿಸಿ ಒಣಗಿಸಿದ ವಾಕಮೆ ನೆನೆದಾಗ ತೂಕದಲ್ಲಿ ಹತ್ತುಪಟ್ಟಿನಷ್ಟಾಗುತ್ತದೆ. ಒಂದು ಹಿಡಿ ಹಾಕಿದವರಿಗೆ ಬಟ್ಟಲಿನಲ್ಲಿ ಸೌತೆಕಾಯಿಯನ್ನು ಹುಡುಕಬೇಕಾಗುತ್ತದೆ. ಲೋಳೆ ಬಂದಿದ್ದರೆ ಹೆಚ್ಚು ಹೊತ್ತು ನೆನೆಸಿದ್ದೀರಿ ಅಥವಾ ಬಿಸಿನೀರು ಬಳಸಿದ್ದೀರಿ. ಒಣ ಚೂರುಗಳು ಮೊದಲೇ ಕುದಿನೀರಿನಲ್ಲಿ ಅದ್ದಿ ತೆಗೆದವು, ಮತ್ತೆ ಬೇಯಿಸುವ ಅಗತ್ಯವಿಲ್ಲ. ಉಪ್ಪಿನಲ್ಲಿ ಹಾಕಿಟ್ಟ ವಾಕಮೆ ಸಿಕ್ಕಿದ್ದರೆ ತೊಳೆದು, ನೆನೆಸಿ, ತಿಂದು ನೋಡಿ ಉಪ್ಪು ಹೋಗಿದೆಯೆಂದು ಖಚಿತಪಡಿಸಿಕೊಂಡೇ ಬಳಸಿ. ಕಡಲ ವಾಸನೆ ಒಗ್ಗದವರು ವಾಕಮೆ ಬಿಟ್ಟು ಶುಂಠಿಯನ್ನು ಕೂದಲೆಳೆಯಂತೆ ಹೆಚ್ಚಿ ಹಾಕಬಹುದು. ಕಡಲಸೊಪ್ಪಿನಲ್ಲಿ ಅಯೋಡಿನ್ ಹೆಚ್ಚು. ಥೈರಾಯ್ಡ್ ತೊಂದರೆ ಇರುವವರು ವೈದ್ಯರನ್ನು ಕೇಳಿ ತಿನ್ನುವುದು ಒಳಿತು.

ಉಳಿದ ಸಣ್ಣ ದೋಷಗಳು

ಹಲ್ಲಿಗೆ ಸಕ್ಕರೆ ಕರಕರ ಸಿಕ್ಕರೆ ಮಿಶ್ರಣ ಕರಗಿಲ್ಲ. ತಣ್ಣನೆಯ ವಿನೆಗರ್‌ನಲ್ಲಿ ಹರಳು ಸಕ್ಕರೆ ನಿಧಾನ, ಪುಡಿ ಮಾಡಿ ಹಾಕಿ ಅಥವಾ ಬೆಚ್ಚಗೆ ಮಾಡಿ. ಬಾಯಲ್ಲಿ ಲೋಹದ ರುಚಿ ಉಳಿದರೆ ಪಾತ್ರೆ ನೋಡಿ. ಅಲ್ಯುಮಿನಿಯಂ, ಕಲಾಯಿ ಹೋದ ಹಿತ್ತಾಳೆ, ತಾಮ್ರ ಯಾವುದೂ ವಿನೆಗರ್‌ಗೆ ಆಗದು. ಗಾಜು, ಪಿಂಗಾಣಿ, ಸ್ಟೀಲ್ ಬಳಸಿ. ಕೊನೆಗೆ ಒಂದು ಕಮಟು ಬಂದರೆ ಅದು ಎಳ್ಳು. ಹಳೆಯ ಎಳ್ಳಿನ ಎಣ್ಣೆ ಕೆಟ್ಟಿರುತ್ತದೆ, ಹುರಿದರೂ ಹೋಗುವುದಿಲ್ಲ. ಹೊಸ ಎಳ್ಳನ್ನು ಆ ಹೊತ್ತಿಗೆ ಹುರಿದು ಬೆರಳುಗಳ ನಡುವೆ ತಿಕ್ಕಿ ಉದುರಿಸಿದರೆ ಬಟ್ಟಲಿಗೇ ಬೇರೆ ಕಳೆ.

ಎಲ್ಲ ಸರಿಯಿದ್ದೂ ಚಪ್ಪೆ ಎನ್ನಿಸಿದರೆ ತಂಪು ಸಾಲದಾಗಿರಬಹುದು. ಈ ಸಲಾಡ್‌ನ ಹುಳಿ ಮತ್ತು ಸಿಹಿ ಹೊಂದಿಕೊಳ್ಳುವುದು ಚಳಿಯಲ್ಲಿ. ಬಡಿಸುವ ಬಟ್ಟಲನ್ನೂ ಹತ್ತು ನಿಮಿಷ ಫ್ರಿಜ್ಜಿನಲ್ಲಿಡಿ. ಹಾಗೆಯೇ, ಇದು ತಟ್ಟೆ ತುಂಬ ತಿನ್ನುವ ಸಲಾಡ್ ಅಲ್ಲ. ಅನ್ನ, ಮಿಸೊ ಸಾರು, ಸುಟ್ಟ ಮೀನಿನ ನಡುವೆ ಬಾಯಿ ತೊಳೆದಂತೆ ಮಾಡಲು ಎರಡು ಮೂರು ತುತ್ತು. ದೊಡ್ಡ ಬೋಗುಣಿಯಲ್ಲಿ ತಿಂದು ಹುಳಿ ಹೆಚ್ಚಾಯಿತೆನ್ನುವವರು ಬಟ್ಟಲು ಬದಲಿಸಿ ನೋಡಿ.

ಜಪಾನಿನ ಒಂದು ಊರಿನಲ್ಲಂತೂ ವರ್ಷದ ಕೆಲವು ದಿನ ಕೆಲವರ ಮನೆಯಲ್ಲಿ ಇದು ಇಲ್ಲವಾಗುತ್ತದೆ. ಫುಕುಒಕಾದ ಹಕಾತಾದಲ್ಲಿ ಜುಲೈ 1ರಿಂದ 15ರವರೆಗೆ ನಡೆಯುವ ಗಿಯೊನ್ ಯಾಮಾಕಾಸಾ ಉತ್ಸವದಲ್ಲಿ ಭಾರದ ತೇರು ಹೊರುವವರು ಸೌತೆಕಾಯಿ ಮುಟ್ಟುವುದಿಲ್ಲ. ಅಡ್ಡ ಕತ್ತರಿಸಿದ ಸೌತೆಕಾಯಿ ಕುಶಿದಾ ದೇಗುಲದ ಲಾಂಛನದಂತೆ ಕಾಣುತ್ತದೆ ಎಂಬುದು ಅವರು ಹೇಳುವ ಕಾರಣ. ನಡುಬೇಸಿಗೆಯಲ್ಲಿ ಅದನ್ನು ಬಿಟ್ಟಿರುವುದು ಸಣ್ಣ ವ್ರತವಲ್ಲ.

ನೆಂಟರು ಬರುವ ದಿನ

ಹೆಚ್ಚು ಜನರಿಗೆ ಮಾಡುವಾಗ ಮೇಲಿನ ದೋಷಗಳೆಲ್ಲ ಒಟ್ಟಿಗೆ ಬರುವುದುಂಟು, ಏಕೆಂದರೆ ಎಲ್ಲವನ್ನೂ ಬೆಳಿಗ್ಗೆಯೇ ಬೆರೆಸಿಡುವ ಆಸೆಯಾಗುತ್ತದೆ. ಬೆಳಿಗ್ಗೆ ಮಿಶ್ರಣ ಮಾಡಿ ಬಾಟಲಿಯಲ್ಲಿಡಿ, ಅದು ನಿಂತಷ್ಟೂ ಮೆದುವಾಗುತ್ತದೆ. ಸೌತೆಕಾಯಿಗೆ ಉಪ್ಪು ಹಚ್ಚಿ ಹಿಂಡುವ ಕೆಲಸವನ್ನು ಮೂರು ನಾಲ್ಕು ಗಂಟೆ ಮೊದಲು ಮಾಡಬಹುದು. ಮುಚ್ಚಳವಿರುವ ಡಬ್ಬಿಯ ತಳಕ್ಕೆ ಕಾಗದದ ಟವೆಲ್ ಹಾಸಿ ಅದರ ಮೇಲೆ ಹರಡಿ ಫ್ರಿಜ್ಜಿನಲ್ಲಿಡಿ. ವಾಕಮೆಯನ್ನು ಊಟಕ್ಕೆ ಕರೆಯುವ ಅರ್ಧ ಗಂಟೆ ಮೊದಲು ನೆನೆಸಿ. ಎಲೆ ಹಾಕಿದ ಮೇಲೆ ಸು-ಅರಾಯಿ, ಅದರ ಹಿಂದೆಯೇ ಬೆರೆಸುವುದು, ಪುಟ್ಟ ಬಟ್ಟಲುಗಳಿಗೆ ಹಂಚುವುದು. ಬಿಲ್ಲೆಗಳನ್ನು ಬೆರಳಿನಿಂದ ಎತ್ತಿ ಬಟ್ಟಲಿನ ನಡುವೆ ಸಣ್ಣ ಗುಡ್ಡೆಯಾಗಿ ನಿಲ್ಲಿಸಿ, ಉಳಿದ ಮಿಶ್ರಣದಲ್ಲಿ ಒಂದು ಚಮಚವನ್ನು ಬದಿಯಿಂದ ಬಿಡಿ. ಉಳಿದುಬಿಟ್ಟರೆ ಫ್ರಿಜ್ಜಿನಲ್ಲಿಟ್ಟು ಮರುದಿನದೊಳಗೆ ಮುಗಿಸಿ. ಇದರಲ್ಲಿ ಹುಳಿ ಇದ್ದರೂ ಇದು ಉಪ್ಪಿನಕಾಯಿಯಲ್ಲ, ಬಾಳಿಕೆ ಬರುವುದಿಲ್ಲ. ಬಣ್ಣ ಮಾಸಿರುತ್ತದೆ, ತಳದಲ್ಲಿ ನೀರು ನಿಂತಿರುತ್ತದೆ. ಬಸಿದು, ಒತ್ತಿ, ತುಸು ಎಳ್ಳೆಣ್ಣೆ ಹಾಕಿ ಅನ್ನದ ಜೊತೆ ತಿನ್ನಬಹುದು.